ಉಗ್ರಾಣಗಳಲ್ಲಿ ಕ್ರಮಬದ್ಧ ದಾಸ್ತಾನು

ರೈತನು ಬೆಳೆದ ಧಾನ್ಯವು ಗ್ರಾಹಕನ ಕೈಸೇರುವ ಮುನ್ನ ಹಲವು ತಿಂಗಳು ಉಗ್ರಾಣದಲ್ಲಿರುತ್ತದೆ. 1957ರಲ್ಲಿ ಸ್ಥಾಪಿತವಾದ ಕೇಂದ್ರ ಉಗ್ರಾಣ ನಿಗಮ ಹಾಗೂ 1965ರಲ್ಲಿ ಆರಂಭವಾದ ಭಾರತ ಆಹಾರ ನಿಗಮಗಳು ನವದೆಹಲಿಯಲ್ಲಿ ಪ್ರಧಾನ ಕಚೇರಿಗಳನ್ನು ಹೊಂದಿದ್ದು, ದೇಶದಾದ್ಯಂತ ಇಂತಹ ಉಗ್ರಾಣಗಳನ್ನು ನಿರ್ವಹಿಸುತ್ತಿವೆ.

ಉಗ್ರಾಣದ ತುಂಬ ಚೀಲಗಳನ್ನು ಒಟ್ಟುವುದು ಲಾಭದಾಯಕವೆಂದು ತೋರಬಹುದು. ಆದರೆ ದಾರಿ ಮುಚ್ಚಿದಲ್ಲಿ ಹಳೆಯ ಧಾನ್ಯವು ಹಿಂದೆಯೇ ಉಳಿದು ಹುಳುಗಳ ಪಾಲಾಗುತ್ತದೆ. ಅದನ್ನು ಹೊರತೆಗೆಯಲು ಕೂಲಿಯೂ ಕಾಲವೂ ವ್ಯಯವಾಗುತ್ತವೆ. ಆದುದರಿಂದ ನೆಲದ ಮೇಲೆ ಅಟ್ಟಿಗಳ ಗಡಿಯನ್ನು ಗುರುತಿಸಿ, ಗೋಡೆಯ ಬದಿಯಲ್ಲಿಯೂ ಅಟ್ಟಿಗಳ ನಡುವೆಯೂ ಓಡಾಡಲು ಸ್ಥಳ ಬಿಡಲಾಗುತ್ತದೆ. ತೇವ ತಗುಲದಂತೆ ಚೀಲಗಳನ್ನು ಮರದ ಚೌಕಟ್ಟುಗಳ ಮೇಲೆ ಜೋಡಿಸಲಾಗುತ್ತದೆ. ಪ್ರತಿಯೊಂದು ಅಟ್ಟಿಗೂ ದಿನಾಂಕ ಮತ್ತು ಚೀಲಗಳ ಸಂಖ್ಯೆಯನ್ನು ನಮೂದಿಸಿದ ಚೀಟಿಯಿರುತ್ತದೆ. ಮೊದಲು ಬಂದ ದಾಸ್ತಾನು ಮೊದಲು ಹೊರಡಬೇಕೆಂಬುದೇ ನಿಯಮ.

ಗ್ರಾಮಗಳ ಸಹಕಾರ ಸಂಘಗಳ ಗೋದಾಮುಗಳಲ್ಲಿಯೂ ಈ ಕ್ರಮವನ್ನು ಅನುಸರಿಸಿದಲ್ಲಿ ಧಾನ್ಯದ ಹಾನಿಯನ್ನು ಬಹುಮಟ್ಟಿಗೆ ತಡೆಗಟ್ಟಬಹುದು.