ಬದನೆ ಹೂವಿನ ದುಂಬಿಗೆ ಒಂದು ತುಂಡು ನೆಲ

ಬದನೆ ಹೂವಿನ ಮೇಲೆ ದುಂಬಿ ಕೂತಾಗ ಕೇಳುವ 'ಝೀಂ' ಸದ್ದು ಅದು ಹಾರುವಾಗಿನ ಸದ್ದಲ್ಲ. ಬದನೆಯ ಪರಾಗ ಹೂವಿನ ನಡುವಿನ ಹಳದಿ ಕೊಳವೆಗಳಲ್ಲಿ ಅಡಗಿರುತ್ತದೆ. ಹೊರಬರಲು ತುದಿಯಲ್ಲಿ ಸಣ್ಣ ರಂಧ್ರಗಳಷ್ಟೇ ದಾರಿ. ದುಂಬಿ ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಬಡಿಯದೆ ರೆಕ್ಕೆಯ ಸ್ನಾಯುಗಳನ್ನು ಮಾತ್ರ ಅದುರಿಸುತ್ತದೆ. ಪೌಡರ್ ಡಬ್ಬಿಯನ್ನು ಬೋರಲು ಹಿಡಿದು ಕುಲುಕಿದಂತೆ ಪರಾಗ ಉದುರುತ್ತದೆ.

ಪೆಟ್ಟಿಗೆಯಲ್ಲಿ ಸಾಕುವ ತುಡುವೆಗೆ ಈ ವಿದ್ಯೆ ಬಾರದು, ಹೆಜ್ಜೇನಿಗೂ ಬಾರದು. ಬಲ್ಲವು ಮರ ಕೊರೆಯುವ ಕರಿ ದುಂಬಿ, ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ಒಂಟಿ ಜೇನಿನಂಥವು. ಗಾಳಿಗೂ ಹೂವು ಅಲುಗಿ ಕಾಯಿ ಕಚ್ಚುವುದುಂಟು. ಆದರೆ ದುಂಬಿ ಬಂದರೆ ಫಸಲು ಮೇಲು. ಯುರೋಪಿನ ಗಾಜಿನ ಮನೆಗಳಲ್ಲಿ ಟೊಮೆಟೊ ಹೂಗಳನ್ನು ಆಳುಗಳು ಸಣ್ಣ ಯಂತ್ರ ಹಿಡಿದು ಅದುರಿಸುತ್ತಿದ್ದರು. 1980ರ ದಶಕದ ಕೊನೆಗೆ ಅಲ್ಲಿ ಸಾಕಿದ ದುಂಬಿಗಳನ್ನು ಆ ಕೆಲಸಕ್ಕೆ ಬಿಡತೊಡಗಿದರು. ನಮ್ಮ ಹಿತ್ತಿಲಲ್ಲಿ ಅದೇ ಕೆಲಸ ಕೂಲಿಯಿಲ್ಲದೆ ನಡೆದಿದೆ.

ಒಂಟಿ ಜೇನಿಗೆ ಹುಟ್ಟಿಲ್ಲ, ರಾಣಿಯಿಲ್ಲ, ನಾವು ಕದಿಯಲು ತುಪ್ಪವೂ ಇಲ್ಲ. ಪ್ರತಿ ಹೆಣ್ಣೂ ತಾನೇ ನೆಲದಲ್ಲೋ ಹಳೆಯ ಮಣ್ಣಿನ ಗೋಡೆಯಲ್ಲೋ ಬಿಲ ತೋಡಿ, ಮರಿಗೆ ಪರಾಗ-ಮಕರಂದದ ಬುತ್ತಿ ಇಟ್ಟು, ಮೊಟ್ಟೆಯಿಟ್ಟು ಮುಚ್ಚುತ್ತದೆ. ಕರಿ ದುಂಬಿಗೆ ಒಣಮರ, ಬಿದಿರು ಬೇಕು. ಮಣ್ಣಿನ ಗೋಡೆ ಹೋಗಿ ಸಿಮೆಂಟು ಬಂದಾಗ ಇವು ಮನೆ ಕಳೆದುಕೊಂಡದ್ದು ಯಾರಿಗೂ ತೋಚಲಿಲ್ಲ.

ಬೆಂಗಳೂರಿನಂಥ ಊರುಗಳ ಬಡಾವಣೆಗಳಲ್ಲಿ ನಿವಾಸಿಗಳು ಕೂಡಿ ತೋಟ ಮಾಡಲು ಹೊರಟರೆ ಮೊದಲು ನೆನಪಾಗುವುದು ಹುಲ್ಲುಹಾಸು. ಜೇನಿನ ಪಾಲಿಗೆ ಅದು ಬರಡು ನೆಲ. ಮುದ್ದೆ ದಾಸವಾಳದಂಥ ಹೂಗಳೂ ನೋಡಲು ಚೆಂದ, ಅಷ್ಟೇ: ಪರಾಗ ಕೊಡಬೇಕಾದ ಕೇಸರಗಳೇ ಅಲ್ಲಿ ಎಸಳುಗಳಾಗಿಬಿಟ್ಟಿರುತ್ತವೆ. ಬೇಕಾದದ್ದು ನಾವು ಕಳೆಯೆಂದು ಕಿತ್ತೆಸೆಯುವ ತುಂಬೆ. ಶಿವರಾತ್ರಿಗೆ ಅದೇ ಹೂವನ್ನು ಹಣ ಕೊಟ್ಟು ತರುತ್ತೇವೆ! ತುಳಸಿಯ ತೆನೆಗಳನ್ನು ಚಿವುಟದೆ ಕೆಲವನ್ನಾದರೂ ಅರಳಲು ಬಿಡಬೇಕು. ಬಯಲುಸೀಮೆಯ ತಂಗಡಿಯಂತೂ ಈ ತೋಟಕ್ಕೆ ಹೇಳಿಮಾಡಿಸಿದ ಗಿಡ. ಹಿಂದೆ ಅದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ಅದರ ಹಳದಿ ಹೂವಿನಲ್ಲಿ ಮಕರಂದವಿಲ್ಲ. ಇರುವ ಪರಾಗವನ್ನೂ ಬದನೆಯದರಂತೆ ಅದುರಿಸಿಯೇ ಪಡೆಯಬೇಕು. ಬದನೆ ಹೂವಿಲ್ಲದ ತಿಂಗಳುಗಳಲ್ಲೂ ದುಂಬಿಗೆ ಅದು ಆಸರೆ. ಬೇಸಿಗೆಗೆ ಹೊಂಗೆ ಇದೆ.

ಗಿಡಗಳಷ್ಟೇ ಮುಖ್ಯವಾದುದು ಅಗೆಯದ, ನೀರು ಹನಿಸದ, ಬಿಸಿಲು ಬೀಳುವ ಒಂದು ತುಂಡು ಬರಿನೆಲ. ಒಂದಿಷ್ಟು ಒಣಬಿದಿರನ್ನು ಕಟ್ಟಿ ನೆರಳಿಗಿಟ್ಟರೂ ಆಯಿತು. ಹೂ ಬಿಟ್ಟ ಗಿಡಕ್ಕೆ ಕೀಟನಾಶಕ ಹೊಡೆಯಕೂಡದು. ಬೆಳಿಗ್ಗೆ ವಾಕಿಂಗ್ ಬರುವವರು 'ಕಾಡು ಬೆಳೆದಿದೆ' ಎಂದು ದೂರುವುದು ಖಂಡಿತ. ಕುಟುಕುವ ಭಯವೂ ಸಹಜ. ಕಾಯಲು ಹುಟ್ಟಿಲ್ಲದ ಒಂಟಿ ಜೇನು ಕೈಯಲ್ಲಿ ಹಿಡಿದು ಹಿಸುಕಿದರೆ ಹೊರತು ಸಾಮಾನ್ಯವಾಗಿ ಕುಟುಕದು, ಗಂಡಿಗೆ ಕೊಂಡಿಯೇ ಇಲ್ಲ. ಈ ಬರಿನೆಲ ತರಕಾರಿ ಪಾತಿಯ ಹತ್ತಿರವೇ ಇರಲಿ. ಸಣ್ಣ ಒಂಟಿ ಜೇನುಗಳು ಬಿಲ ಬಿಟ್ಟು ಕೆಲವು ನೂರು ಮೀಟರುಗಳಾಚೆ ಮೇವಿಗೆ ಹೋಗುವುದು ಕಡಿಮೆ.