ಫೋನ್ ಎತ್ತಿಕೊಂಡ ಲೆಕ್ಕ

2024ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ, 13ರಿಂದ 18ರವರಿಗೆ ದಿನಕ್ಕೆ ಹೆಚ್ಚೆಂದರೆ 2-3 ಗಂಟೆ ಎಂದಿತು. ದೊಡ್ಡವರಿಗೆ ಮಿತಿ ಹಾಕುವವರಿಲ್ಲ; ನಮ್ಮ ಲೆಕ್ಕ ನಾವೇ ಇಟ್ಟೆವು.

2018ರಲ್ಲಿ ಐಫೋನಿಗೆ ಬಂದ 'ಸ್ಕ್ರೀನ್ ಟೈಮ್' ಒಟ್ಟು ಗಂಟೆ ತೋರಿಸುತ್ತದೆ. ಆ ಮೊತ್ತದಿಂದ ಹೆಚ್ಚೇನೂ ತಿಳಿಯದು: ಇಲ್ಲಿ ಬ್ಯಾಂಕ್‌ಐಡಿ, ಸ್ವಿಶ್, ಬಸ್ ಟಿಕೆಟ್ ಎಲ್ಲವೂ ಫೋನಿನಲ್ಲೇ ಅಲ್ಲವೆ? ನೋಡಬೇಕಾದ್ದು, ಫೋನನ್ನು ಎಷ್ಟು ಸಲ ಕೈಗೆತ್ತಿಕೊಂಡೆವು, ಎತ್ತಿದೊಡನೆ ಮೊದಲು ತೆರೆದದ್ದೇನು ಎಂಬುದನ್ನು. ಅದೂ ಅಲ್ಲೇ ಕೆಳಗಿರುತ್ತದೆ. ನಮ್ಮದು ವಾಟ್ಸಾಪ್. ಚಳಿಗಾಲದಲ್ಲಿ ಊರಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ನಾವು ಏಳುವಷ್ಟರಲ್ಲಿ ಗುಂಪುಗಳಲ್ಲಿ ಸಂದೇಶಗಳ ರಾಶಿ. ಊರಿನ ನಂಟು ಬಿಡಬಾರದಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆವು. ಒಂದು ವಾರದ ಲೆಕ್ಕ ತೆಗೆದರೆ, ಅಮ್ಮನೊಡನೆ ಮಾತಾಡಿದ್ದು ಒಂದೇ ಸಲ, 11 ನಿಮಿಷ. ಈಗ ಬೆಳಿಗ್ಗೆ ಫೋನ್ ಎತ್ತಿದರೆ ಮೊದಲು ಅವರಿಗೆ ಕರೆ, ಗುಂಪುಗಳೆಲ್ಲ ಆಮೇಲೆ.