ದಾದಾ, ನನ್ನ ಪಾಳಿ ಯಾವಾಗ?

ನಮ್ಮೂರು ಮುಧೋಳ ಅಂದರೆ ಸಾಕು, ‘ಮನ್ಯಾಗ ನಾಯಿ ಐತೇನಲೇ?’ ಎಂಬ ಪ್ರಶ್ನೆ ಗ್ಯಾರಂಟಿ. ಬಿಇ ಓದಲು ಬಾಗಲಕೋಟೆಗೆ ಬಂದಾಗಿನಿಂದ ಇದಕ್ಕೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಈಗೀಗ ನಾನು, ‘ನಾಯಿ ಇಲ್ಲಪಾ, 23 ಹುಡುಗೂರು, ಎರಡು ಫುಟ್‌ಬಾಲ್ ಅದಾವ’ ಎನ್ನುತ್ತೇನೆ.

ನಮ್ಮ ಕಡೆ ಕುಸ್ತಿ, ಕಬಡ್ಡಿ ಗೊತ್ತು. ಓಣಿಗೊಂದು ಕ್ರಿಕೆಟ್ ಟೀಮ್ ಇದೆ. ಫುಟ್‌ಬಾಲ್ ಮಾತ್ರ ಬೆಂಗಳೂರಿನ ಆಟ. 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ನಮ್ಮ ಓಣಿಯಲ್ಲಿ ಆ ಸುದ್ದಿ ಯಾರ ಬಾಯಲ್ಲೂ ಬರಲಿಲ್ಲ.

ನಿಜ ಹೇಳಬೇಕೆಂದರೆ, ನಾನು ಇದನ್ನು ಶುರು ಮಾಡಿದ್ದು ಸಮಾಜಸೇವೆಗಲ್ಲ. ನಮ್ಮ ಬಿಇಯಲ್ಲಿ ನಾಲ್ಕು ವರ್ಷ ಮುಗಿಯುವುದರೊಳಗೆ 100 ಆ್ಯಕ್ಟಿವಿಟಿ ಪಾಯಿಂಟ್ ಗಳಿಸಬೇಕು. ಓಣಿ ಮಕ್ಕಳಿಗೆ ಫುಟ್‌ಬಾಲ್ ಕಲಿಸಿದರೆ ಆ ಲೆಕ್ಕಕ್ಕೂ ಆದೀತು, ರೆಸ್ಯೂಮೆಯಲ್ಲಿ ‘ಲೀಡರ್‌ಶಿಪ್’ ಅಂತಲೂ ಬರೆದುಕೊಳ್ಳಬಹುದು ಅಂದುಕೊಂಡೆ. ಹೆಡ್‌ಮಾಸ್ತರರೊಬ್ಬರು ಭಾನುವಾರ ಬೆಳಿಗ್ಗೆ ಶಾಲೆಯ ಮೈದಾನ ಬಿಟ್ಟುಕೊಟ್ಟರು. ಗೆಳೆಯರೆಲ್ಲ ದುಡ್ಡು ಕೂಡಿಸಿ ನಾಲ್ಕನೇ ಸೈಜಿನ ಎರಡು ಚೆಂಡು ತಂದೆವು. ಎಂಟರಿಂದ ಹನ್ನೆರಡು ವರ್ಷದ ಮಕ್ಕಳ ಕಾಲಿಗೆ ಅದೇ ಸರಿ, ಐದನೇ ಸೈಜು ದೊಡ್ಡವರದು. ಶನಿವಾರ ಸಂಜೆ ಲೋಕಾಪುರದ ಮೇಲೆ ಬಸ್ಸಿನಲ್ಲಿ ಊರಿಗೆ, ಭಾನುವಾರ ಆರೂವರೆಗೆ ಮೈದಾನಕ್ಕೆ.

ಶಿಸ್ತು ಇರಲೆಂದು ಒಂದು ನಿಯಮ ಮಾಡಿದೆ: ಎರಡು ಪ್ರಾಕ್ಟೀಸ್ ತಪ್ಪಿಸಿದವರಿಗೆ ಮ್ಯಾಚ್ ಇಲ್ಲ. ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು.

ನವೆಂಬರ್‌ನಲ್ಲಿ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದವು. ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಊರ ಹೊರಗೆ ಜೋಪಡಿ ಹಾಕಿದವು. ಅಲ್ಲಿಂದ ಒಬ್ಬ ಹುಡುಗ ಬಂದ. ಹನ್ನೊಂದು ವರ್ಷವಿರಬೇಕು. ಅರ್ಧ ಮರಾಠಿ, ಅರ್ಧ ಕನ್ನಡ. ಕಾಲಲ್ಲಿ ಚಪ್ಪಲಿಯೂ ಇಲ್ಲ. ಉಳಿದವರು ನಕ್ಕಾಗ ನಾನು 1948ರ ಕಥೆ ಹೇಳಿದೆ. ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಸೋತಿದ್ದು ಬರೇ 2–1ರಿಂದ. ಭಾರತದ ಆ ಒಂದು ಗೋಲು ಹೊಡೆದವರು ಸಾರಂಗಪಾಣಿ ರಾಮನ್. ಅಂದಿನಿಂದ ಯಾರೂ ಅವನ ಕಾಲು ನೋಡಿ ನಗಲಿಲ್ಲ. ನೋಡಿದ್ದು ಅವನ ಓಟವನ್ನು.

ಫೆಬ್ರುವರಿಯಲ್ಲಿ ಜಮಖಂಡಿಯ ಹುಡುಗರ ಜೊತೆ ಏಳೇಳು ಮಂದಿಯ ಸೌಹಾರ್ದ ಪಂದ್ಯ ಗೊತ್ತಾಯಿತು. ಅವನು ಹಿಂದಿನ ಎರಡು ಭಾನುವಾರ ಬಂದಿರಲಿಲ್ಲ. ನಾನು ಯಾಕೆಂದು ಕೇಳಲಿಲ್ಲ. ಟಂಟಂನಲ್ಲಿ ಕರೆದುಕೊಂಡು ಹೋದೆ, ಆದರೆ ಒಂದು ನಿಮಿಷವೂ ಆಡಿಸಲಿಲ್ಲ. 2–1ರಿಂದ ಗೆದ್ದೆವು. ಅವನು ನೀರಿನ ಬಾಟಲಿ ತುಂಬಿದ, ಎಲ್ಲರ ಅಂಗಿ ಮಡಚಿಟ್ಟ. ಬರುವಾಗ ಮೆಲ್ಲಗೆ ಕೇಳಿದ: ‘ದಾದಾ, ನನ್ನ ಪಾಳಿ ಯಾವಾಗ?’

‘ಮುಂದಿನ ಮ್ಯಾಚಿಗೆ’ ಅಂದೆ.

ಸೆಮಿಸ್ಟರ್ ಪರೀಕ್ಷೆ ಅಂತ ಮೂರು ವಾರ ಊರಿಗೆ ಹೋಗಲಾಗಲಿಲ್ಲ. ಹೋದಾಗ ಕಬ್ಬಿನ ಹಂಗಾಮು ಮುಗಿದಿತ್ತು. ಜೋಪಡಿ ಇದ್ದಲ್ಲಿ ಒಲೆಯ ಕಲ್ಲುಗಳಷ್ಟೇ ಉಳಿದಿದ್ದವು. ಅವನು ಎರಡು ಭಾನುವಾರ ಯಾಕೆ ಬರಲಿಲ್ಲವೆಂದು ಆಗ ಒಬ್ಬ ಹುಡುಗ ಹೇಳಿದ. ಅವ್ವ–ಅಪ್ಪ ನಸುಕಿನಲ್ಲೇ ಕಬ್ಬು ಕಡಿಯಲು ಹೋಗುತ್ತಿದ್ದರು, ಸಣ್ಣ ತಂಗಿಯನ್ನು ಇವನೇ ನೋಡಿಕೊಳ್ಳಬೇಕಿತ್ತು. ನನ್ನ ಮೂರು ವಾರಕ್ಕೆ ಪರೀಕ್ಷೆಯ ನೆಪ ಇತ್ತು. ಅವನ ಎರಡು ವಾರಕ್ಕೆ ನಾನು ಕಾರಣವನ್ನೇ ಕೇಳಿರಲಿಲ್ಲ.

ಆಮೇಲೆ ಕುಳಿತು ಆಟದ ನಿಯಮಗಳನ್ನು ಓದಿದೆ. ದೊಡ್ಡವರ ಪಂದ್ಯದಲ್ಲಿ ಹೊರಗೆ ಬಂದ ಆಟಗಾರ ಮತ್ತೆ ಒಳಗೆ ಹೋಗುವಂತಿಲ್ಲ. ಆದರೆ ಮಕ್ಕಳ ಫುಟ್‌ಬಾಲ್‌ನಲ್ಲಿ ಸಂಸ್ಥೆಯವರು ಒಪ್ಪಿದರೆ ಹಾಗೆ ಮರಳಿ ಆಡಿಸಲು ಅವಕಾಶವಿದೆ. ಅಂದರೆ ಎಲ್ಲ ಮಕ್ಕಳೂ ಆಡಲಿ ಎಂಬ ದಾರಿ ನಿಯಮದಲ್ಲೇ ಇತ್ತು. ನಾನೇ ನೋಡಿರಲಿಲ್ಲ.

ಈಗ ನಮ್ಮಲ್ಲಿ ಒಂದು ನೋಟ್‌ಬುಕ್ ಇದೆ. ಯಾರು ಎಷ್ಟು ನಿಮಿಷ ಆಡಿದರು ಎಂದು ಅದರಲ್ಲಿ ಬರೆಯುತ್ತೇವೆ. ಬಂದವರೆಲ್ಲ ಕನಿಷ್ಠ ಅರ್ಧ ಮ್ಯಾಚ್ ಆಡಲೇಬೇಕು. ಬರದವರ ಮನೆಗೆ ಹೋಗಿ ಕಾರಣ ಕೇಳುತ್ತೇವೆ. ತಮ್ಮ–ತಂಗಿಯನ್ನು ಕರೆತಂದರೆ ಬೇವಿನ ಗಿಡದ ಕೆಳಗೆ ಕೂರಿಸಲು ಒಂದು ಚಾಪೆ ಇದೆ. ಹಾಗೆ ಬಂದ ತಂಗಿಯರಲ್ಲಿ ನಾಲ್ವರು ಈಗ ಆಡುತ್ತಾರೆ. ಹೊಸ ನಿಯಮದ ಮೊದಲ ಪಂದ್ಯವನ್ನು 4–1ರಿಂದ ಸೋತೆವು. ಆದರೆ ಮುಂದಿನ ಭಾನುವಾರ ಒಬ್ಬರೂ ತಪ್ಪಿಸಲಿಲ್ಲ.

ಮೊನ್ನೆ ಕಾಲೇಜಿನ ಅಣಕು ಸಂದರ್ಶನದಲ್ಲಿ ‘ನಿಮ್ಮ ನಾಯಕತ್ವದ ಅನುಭವ ಹೇಳಿ’ ಎಂದರು. ಗೆದ್ದ ಮ್ಯಾಚಿನ ಬಗ್ಗೆ ಹೇಳಲು ಬಾಯಿ ಬರಲಿಲ್ಲ. ಈ ಹುಡುಗನ ಬಗ್ಗೆ ಹೇಳಿದೆ.

ಗೆಳೆಯರೇ, ನಿಮ್ಮೂರಿನಲ್ಲೂ ಖಾಲಿ ಮೈದಾನ ಇದ್ದೇ ಇರುತ್ತದೆ. ದೊಡ್ಡ ಆಟಗಾರರೇ ಆಗಿರಬೇಕಿಲ್ಲ, ನಾನೂ ಅಲ್ಲ. ಒಂದು ಚೆಂಡು, ಒಂದು ಪಂಪ್, ಗಾಯಕ್ಕೆ ಹತ್ತಿ–ಪಟ್ಟಿ, ತಂದೆ–ತಾಯಿಯರ ಒಪ್ಪಿಗೆ, ತಪ್ಪದೇ ಹೋಗುವ ಮನಸ್ಸು ಇದ್ದರೆ ಆಯಿತು.

ಈ ವರ್ಷವೂ ಗ್ಯಾಂಗುಗಳು ಬಂದಿವೆ. ಕಳೆದ ಶನಿವಾರ ಬಸ್ ಇಳಿದವನೇ ಜೋಪಡಿಗಳ ಕಡೆ ಹೋದೆ. ಆ ಹುಡುಗ ಸಿಗಲಿಲ್ಲ. ಬೇರೆ ಮೂವರು ಸಿಕ್ಕರು. ‘ನಾಳೆ ಆರೂವರೆಗೆ ಬರ್ರಿ, ತಂಗಿನೂ ಕರ್ಕೊಂಡ ಬರ್ರಿ’ ಅಂದು ಬಂದೆ. ನೋಟ್‌ಬುಕ್ಕಿನ ಮೊದಲ ಸಾಲನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಅದು ಅವನ ಪಾಳಿ.